ದನದ ಆಸ್ಪತ್ರೆಯ ಕೈಕೆಲಸ: ಎಲ್ಲ ದೇಶಕ್ಕೂ ಒಂದೇ ಅಳತೆಗೋಲು ಆಗುತ್ತದಾ?

ತುಂಗೆ ದಡದ ಪರೀಕ್ಷಕ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಪಶು ವೈದ್ಯಕೀಯ ಪರೀಕ್ಷಕ. ಊರವರ ಬಾಯಲ್ಲಿ ಕಾಂಪೌಂಡರ್. ಪಶುಸಂಗೋಪನೆ ಡಿಪ್ಲೊಮಾ ಓದುವ ಮಕ್ಕಳು ತರಬೇತಿಗೆ ಬಂದಾಗ ಅವರ ಕೈಕೆಲಸ ನೋಡಿ ಅಂಕ ಹಾಕುವ ಜವಾಬ್ದಾರಿಯೂ ಕೆಲವೊಮ್ಮೆ ನಮ್ಮ ಮೇಲೆ ಬೀಳುತ್ತದೆ.

ಹೋದ ಮಳೆಗಾಲದಲ್ಲಿ ಆದದ್ದು. ಪಾರ್ವೊ ಅನ್ನುವ ವೈರಸ್ ಕಾಯಿಲೆ ಬಂದು ಸೊರಗಿದ್ದ ನಾಯಿಮರಿ, ರಕ್ತನಾಳ ನೂಲಿನಷ್ಟು ಸಣ್ಣ. ಒಬ್ಬಳು ಹುಡುಗಿ ಅದರ ಮುಂಗಾಲಿಗೆ ಕ್ಯಾನುಲಾ, ಅಂದರೆ ನಾಳದೊಳಗೆ ಇಡುವ ಸಣ್ಣ ಕೊಳವೆ, ಹಾಕಿದಳು. ಕೂದಲು ಬೋಳಿಸಿದಳು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿದಳು, ಮೊದಲ ಸಲಕ್ಕೇ ಸೂಜಿ ನಾಳಕ್ಕೆ ಹೋಯಿತು, ರಕ್ತ ಕಾಣಿಸಿತು, ಟೇಪು ಸುತ್ತಿದಳು. ನಾನು 10ಕ್ಕೆ 9 ಹಾಕಿದೆ. ಪಕ್ಕದಲ್ಲೇ ನಿಂತಿದ್ದ ನಮ್ಮ ಹಿರಿಯರೊಬ್ಬರು 4 ಹಾಕಿದರು. ಯಾಕೆ ಅಂತ ಕೇಳಿದೆ. "ಒರೆಸಿ ಆದ ಮೇಲೆ ನಾಳ ಎಲ್ಲಿದೆ ಅಂತ ಬರಿಬೆರಳಲ್ಲಿ ಮತ್ತೆ ಮುಟ್ಟಿದಳಲ್ಲ, ನೋಡ್ಲಿಲ್ವಾ?" ಅಂದರು. ನಾನು ನೋಡಿರಲಿಲ್ಲ. ಸೂಜಿಯ ತುದಿಯನ್ನೇ ನೋಡುತ್ತಾ ನಿಂತಿದ್ದೆ.

ಅದೇ ಹೊತ್ತಿಗೆ ನಮ್ಮ ಅಕ್ಕನ ಮಗಳು ಡಿಪ್ಲೊಮಾ ಮುಗಿಸಿ, ಹೊರದೇಶದಲ್ಲಿ ವೆಟರ್ನರಿ ನರ್ಸ್ ಆಗಬೇಕು ಅಂತ ಅರ್ಜಿಗಳನ್ನು ತುಂಬುತ್ತಾ ಕೂತಿದ್ದಳು. ಅವಳ ಅಂಕಪಟ್ಟಿಯಲ್ಲಿ ಪ್ರಾಯೋಗಿಕಕ್ಕೆ 78 ಅಂತ ಇದೆ. ಆ 78ರಲ್ಲಿ ಏನಿದೆ? ದನ ಹಿಡಿಯಲು ಬರುತ್ತದಾ, ಕ್ಯಾನುಲಾ ಹಾಕಲು ಬರುತ್ತದಾ, ಗಾಯ ಕಟ್ಟಲು ಬರುತ್ತದಾ? ಹೊರಗಿನವರಿಗೆ ಹಾಗಿರಲಿ, ಪಕ್ಕದ ಜಿಲ್ಲೆಯ ನನಗೇ ಅದನ್ನು ನೋಡಿ ಹೇಳಲು ಬರುವುದಿಲ್ಲ.

ದನದ ಮೈ ಎಲ್ಲ ದೇಶದಲ್ಲೂ ಒಂದೇ. ಹಾಗಿದ್ದ ಮೇಲೆ ಅದನ್ನು ನೋಡಿಕೊಳ್ಳುವವರ ಕೈಕೆಲಸವನ್ನು ಅಳೆಯಲು ಒಂದು ಸಾಮಾನ್ಯ ಅಳತೆ ಸಾಧ್ಯವಾ? ತಿಳಿದವರು ಬರೆಯಿರಿ.

ತೀರ್ಥಹಳ್ಳಿಯವಳು, ಈಗ ಇಂಗ್ಲೆಂಡಿನಲ್ಲಿ:

ಅಣ್ಣಾ, ಆ ಬೆರಳಿನ ವಿಷಯ ಓದಿ ನನ್ನದೇ ನೆನಪಾಯಿತು. ನಾನು ಇಲ್ಲಿ ವೆಟರ್ನರಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೇನೆ.

ಕೆಲಸಕ್ಕೆ ಸೇರುವ ಮೊದಲ ದಿನ ಒಬ್ಬ ನರ್ಸ್‌ಗೆ ಏನೆಲ್ಲ ಬರಬೇಕು ಅಂತ ಇಲ್ಲಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಪಟ್ಟಿ ಮಾಡಿಟ್ಟಿದೆ. ಕನಿಷ್ಠ 1,800 ಗಂಟೆ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಒಂದೊಂದು ಕೆಲಸವನ್ನೂ ಯಾವ ಪ್ರಾಣಿಗೆ, ಹೇಗೆ ಮಾಡಿದೆ ಅಂತ ದಾಖಲೆಯಲ್ಲಿ ಬರೆಯಬೇಕು, ಮೇಲೆ ನಿಂತು ನೋಡಿದವರು ಸಹಿ ಹಾಕಬೇಕು. ಇದು ಸಾಲದು ಅಂತ ಓಸ್ಕಿ ಪರೀಕ್ಷೆ. ಸಾಲಾಗಿ ನಿಲ್ದಾಣಗಳು, ಒಂದೊಂದರಲ್ಲಿ ಒಂದೊಂದು ಕೆಲಸ, ಕೆಲವೇ ನಿಮಿಷ. ಗಂಟೆ ಹೊಡೆದರೆ ಮುಂದಿನದಕ್ಕೆ ಹೋಗಬೇಕು. ಪರೀಕ್ಷಕರು ತುಟಿ ಪಿಟಕ್ಕೆನ್ನದೆ ಹಾಳೆಯಲ್ಲಿ ಗುರುತು ಹಾಕುತ್ತಾ ಕೂತಿರುತ್ತಾರೆ.

ನಮಗೆ ಅಭ್ಯಾಸಕ್ಕೆ ಒಂದು ಸುತ್ತು ಮಾಡಿದ್ದರು. ನಾಯಿಯ ಕಾಲಿಗೆ ಬ್ಯಾಂಡೇಜ್ ಕಟ್ಟುವ ನಿಲ್ದಾಣ. ಚೆಂದ ಕಟ್ಟಿದೆ, ಒಂದು ಸುಕ್ಕಿಲ್ಲ. ಆದರೆ ನಡುವಿನ ಎರಡು ಬೆರಳು ಹೊರಗೆ ಕಾಣುವ ಹಾಗೆ ಬಿಡಬೇಕಿತ್ತು, ಪೂರ್ತಿ ಮುಚ್ಚಿಬಿಟ್ಟೆ. ಬೆರಳು ಊದಿದರೆ, ತಣ್ಣಗಾದರೆ ಆ ಎರಡರಲ್ಲೇ ತಿಳಿಯುವುದು. ಪರೀಕ್ಷಕಿ ಅಲ್ಲಿ ಏನೂ ಹೇಳಲಿಲ್ಲ, ಹಾಳೆ ಕೈಗೆ ಬಂದಾಗ ಗೊತ್ತಾಯಿತು. ಅವತ್ತಿನಿಂದ ಇವತ್ತಿನವರೆಗೆ ಮರೆತಿಲ್ಲ.

ಬೇರೆ ದೇಶಗಳಲ್ಲಿ ಬೇರೆ ದಾರಿ. ಐರ್ಲೆಂಡಿನಲ್ಲಿ 2005ರ ಕಾನೂನಿನ ಪ್ರಕಾರ ನೋಂದಣಿ ಇಲ್ಲದೆ ವೆಟರ್ನರಿ ನರ್ಸ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಯುರೋಪಿನಲ್ಲಿ 2007ರಿಂದ ಅಕೋವೀನ್ ಅನ್ನುವ ಸಮಿತಿ ಇದೆ. ಅದು ವಿದ್ಯಾರ್ಥಿಯನ್ನು ಪರೀಕ್ಷೆ ಮಾಡುವುದಿಲ್ಲ, ಕಾಲೇಜಿನ ಕೋರ್ಸ್ ನೋಡಿ ಮಾನ್ಯತೆ ಕೊಡುತ್ತದೆ. ಅಮೆರಿಕ, ಕೆನಡಾಗಳಲ್ಲಿ ನರ್ಸ್ ಅನ್ನುವುದಿಲ್ಲ, ವೆಟರ್ನರಿ ಟೆಕ್ನಿಷಿಯನ್ ಅನ್ನುತ್ತಾರೆ. ಎರಡೂ ಕಡೆ ನಡೆಯುವ ವಿ.ಟಿ.ಎನ್.ಇ. ಪರೀಕ್ಷೆಯಲ್ಲಿ 170 ಪ್ರಶ್ನೆ, ಮೂರು ಗಂಟೆ. ಅಷ್ಟೂ ಕಂಪ್ಯೂಟರ್ ಮುಂದೆ, ಪ್ರಾಣಿ ಮುಟ್ಟುವುದೇ ಇಲ್ಲ. ಕೈಕೆಲಸ ಬರುತ್ತದೆ ಅಂತ ನೋಡಿಕೊಳ್ಳುವುದು ಕಾಲೇಜಿನ ಹೊಣೆ, ಅದಕ್ಕೆ ಕಡ್ಡಾಯ ಕೌಶಲಗಳ ದೊಡ್ಡ ಪಟ್ಟಿ ಇದೆ. ದೂರದಲ್ಲಿದ್ದು ಓದುವವರು ತಾವು ಮಾಡಿದ್ದನ್ನು ವಿಡಿಯೊ ಮಾಡಿ ಕಳಿಸುತ್ತಾರೆ.

ಅಂದರೆ ಹೆಚ್ಚುಕಡಿಮೆ ಒಂದೇ ಕೆಲಸ, ಆದರೆ ಬರುತ್ತದೆ ಅಂತ ಸಾಬೀತು ಮಾಡುವ ಬಗೆ ಒಂದೊಂದು ದೇಶದಲ್ಲಿ ಒಂದೊಂದು.

ಹೊಸನಗರದ ಹೈನುಗಾರ್ತಿ:

ನಾನು ಓದಿದವಳಲ್ಲ, ಕೊಟ್ಟಿಗೆಯಲ್ಲಿ ದನ ಕಟ್ಟಿಕೊಂಡವಳು. ಆದರೂ ಬರೆಯುತ್ತೇನೆ, ಯಾಕಂದರೆ ನೀವೆಲ್ಲ ಪರೀಕ್ಷೆ ಮಾಡುವುದು ನಮ್ಮ ದನದ ಮೇಲೆ.

ಕೆಲವು ವರ್ಷದ ಹಿಂದೆ ನಮ್ಮ ಜರ್ಸಿ ಕರು ಹಾಕಿದ ಮಾರನೇ ದಿನ ಬಿದ್ದುಬಿಟ್ಟಿತು. ಹಾಲು ಜ್ವರ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವ ಕಾಯಿಲೆ. ಕುತ್ತಿಗೆ ಪಕ್ಕೆಗೆ ತಿರುಗಿಸಿ ಮಲಗಿತ್ತು, ಕಿವಿ ತಣ್ಣಗಿತ್ತು. ಬಂದವರು ಯಾರು, ಎಲ್ಲಿಂದ ಬಂದರು ಅಂತ ಇಲ್ಲಿ ಬರೆಯುವುದಿಲ್ಲ. ಕ್ಯಾಲ್ಸಿಯಂ ಬಾಟಲಿಯನ್ನು ಕೊಟ್ಟಿಗೆಯ ಜಂತಿಗೆ ಕಟ್ಟಿದರು, ಕುತ್ತಿಗೆಯ ನಾಳಕ್ಕೆ ಸೂಜಿ ಕೊಟ್ಟರು, ಫೋನ್ ಬಂತು ಅಂತ ಅಂಗಳಕ್ಕೆ ಹೋದರು. 450 ಮಿಲಿಲೀಟರ್ ಬಾಟಲಿ ಒಂದೇ ಸಮನೆ ಇಳಿಯತೊಡಗಿತು. ಅರ್ಧ ಬಾಟಲಿ ದಾಟಿದ ಮೇಲೆ ದನ ಒಂದು ಸಲ ನಡುಗಿ ಕಾಲು ಚಾಚಿತು. ನಾನು ಕೂಗಿದೆ. ಅವರು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಕ್ಯಾಲ್ಸಿಯಂ ಬೇಗ ಇಳಿದರೆ ಹೃದಯ ನಿಲ್ಲಬಹುದು ಅಂತ ಆಮೇಲೆ ತಿಳಿಯಿತು. ಕರು ಪಕ್ಕದಲ್ಲೇ ನಿಂತಿತ್ತು.

ಮುಂದಿನ ವರ್ಷ ಇನ್ನೊಂದು ದನಕ್ಕೆ ಅದೇ ಕಾಯಿಲೆ. ಆಗ ಬಂದ ಹುಡುಗ ಮೊದಲು ಬಿಸಿನೀರು ಕೇಳಿದ. ಬಾಟಲಿಯನ್ನು ಅದರಲ್ಲಿಟ್ಟು ಮೈ ಬೆಚ್ಚಗಾಗುವಷ್ಟು ಮಾಡಿದ. ಬಾಟಲಿಯನ್ನು ಎಲ್ಲಿಗೂ ಕಟ್ಟಲಿಲ್ಲ, ನನ್ನ ಕೈಗೆ ಕೊಟ್ಟು "ಅಮ್ಮಾ, ನಾ ಹೇಳಿದಾಗ ಕೆಳಗೆ ಇಳ್ಸಿ" ಅಂದ. ತಾನು ಎಡಗಡೆ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟು ಕೂತ. ಎರಡು ಸಲ "ಇಳ್ಸಿ" ಅಂದ, ಕಾದ, ಮತ್ತೆ "ಎತ್ತಿ" ಅಂದ. ಹತ್ತಿರ ಅರ್ಧ ಗಂಟೆ ಆಯಿತು. ಮುಗಿಯುವ ಹೊತ್ತಿಗೆ ದನದ ಮೂಗಿನ ಮೇಲೆ ಬೆವರು ಹನಿಯಿತು, ತೇಗಿತು, ಸಗಣಿ ಹಾಕಿತು. ಸಂಜೆಯೊಳಗೆ ಎದ್ದು ನಿಂತಿತು.

ಸೂಜಿ ಹಾಕುವುದು ಇಬ್ಬರಿಗೂ ಬರುತ್ತಿತ್ತು. ನಿಮ್ಮ ಪರೀಕ್ಷೆ ಸೂಜಿ ಹಾಕುವುದನ್ನಷ್ಟೇ ನೋಡಿದ್ದರೆ ಇಬ್ಬರೂ ಪಾಸ್.

ಪಾಠ ಮಾಡುವವನು:

ಅಮ್ಮ ಬರೆದದ್ದನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳುತ್ತೇನೆ, ಅನುಮತಿ ಕೊಡಿ.

ಮೊದಲು ಕಾನೂನು, ಚಿಕ್ಕದಾಗಿ. ನಮ್ಮಲ್ಲಿ ವೆಟರ್ನರಿ ನರ್ಸ್ ಅನ್ನುವ ಪ್ರತ್ಯೇಕ ವೃತ್ತಿಗೆ ರಾಷ್ಟ್ರೀಯ ನೋಂದಣಿ ಇಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಂ ಪ್ರಕಾರ, ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಇರುವವರಿಗೆ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಥವು. ಇಂಗ್ಲೆಂಡಿನಲ್ಲಿ 1966ರ ಕಾಯ್ದೆಯ 3ನೇ ಅನುಸೂಚಿ ನರ್ಸ್‌ಗಳಿಗೆ ವೈದ್ಯರ ನಿರ್ದೇಶನದಲ್ಲಿ ದೇಹದ ಕುಹರ ತೆರೆಯದ ಸಣ್ಣ ಶಸ್ತ್ರಕ್ರಿಯೆಗೂ ಅವಕಾಶ ಕೊಡುತ್ತದೆ. ಜಪಾನಿನಲ್ಲಿ 2019ರಲ್ಲಿ ಕಾನೂನು ಬಂದು 2022ರಲ್ಲಿ ಜಾರಿಯಾಯಿತು, ಅದು ನಾಯಿ ಬೆಕ್ಕಿನಂಥ ಸಾಕುಪ್ರಾಣಿಗಳ ನರ್ಸ್‌ಗಳಿಗೆ ಮಾತ್ರ. ಹಕ್ಕುಗಳು ಇಷ್ಟು ಬೇರೆಬೇರೆ ಇರುವಾಗ ಎಲ್ಲ ದೇಶಕ್ಕೂ ಒಂದೇ ಪರವಾನಗಿ ಸದ್ಯಕ್ಕೆ ಆಗದ ಮಾತು. ಅಳತೆಯ ಮಾತು ಬೇರೆ, ಅದು ಆಗುತ್ತದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2018ರಲ್ಲಿ ನಮ್ಮಂಥ ದೇಶಗಳ ಅರೆಪಶುವೈದ್ಯ ಸಿಬ್ಬಂದಿಗೆ ಏನೇನು ಬರಬೇಕು ಅಂತ ಮಾರ್ಗಸೂಚಿ ಹೊರಡಿಸಿತು, 2019ರಲ್ಲಿ ಪಠ್ಯಕ್ರಮದ ಮಾರ್ಗಸೂಚಿಯೂ ಬಂತು. ಏನು ಬರಬೇಕು ಅನ್ನುವುದು ಅಲ್ಲಿದೆ. ಬಂದಿದೆ ಅಂತ ಹೇಗೆ ನೋಡುವುದು, ಅದೇ ಈ ಚರ್ಚೆಯ ಪ್ರಶ್ನೆ.

ಓಸ್ಕಿ ಶುರುವಾದದ್ದೂ ಇದೇ ಕಷ್ಟದಿಂದ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಅದನ್ನು ವೈದ್ಯ ವಿದ್ಯಾರ್ಥಿಗಳಿಗಾಗಿ ಪ್ರಕಟಿಸಿದರು. ಒಬ್ಬನಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಕಷ್ಟದ ರೋಗಿ. ಒಬ್ಬನಿಗೆ ಮೃದು ಪರೀಕ್ಷಕ, ಇನ್ನೊಬ್ಬನಿಗೆ ಗಡಸು ಪರೀಕ್ಷಕ. ಇದನ್ನು ಸರಿದೂಗಿಸಲು ಎಲ್ಲರಿಗೂ ಅದೇ ನಿಲ್ದಾಣ, ಅದೇ ಹಾಳೆ.

ಆದರೆ ಗುರುತು ಹಾಕುವ ಹಾಳೆಗೆ ಒಂದು ದೋಷ ಇದೆ. ಹತ್ತು ಹೆಜ್ಜೆ ಬರೆದಿಟ್ಟು ಒಂದಕ್ಕೆ ಒಂದು ಅಂಕ ಅಂದರೆ, ಕ್ಯಾಲ್ಸಿಯಂ ಕೊಡುವಾಗ ಹೃದಯ ಕೇಳುವುದಕ್ಕೂ ಒಂದು, ಕೊನೆಗೆ ಸೂಜಿಯ ಜಾಗ ಒರೆಸುವುದಕ್ಕೂ ಒಂದು. ಹೃದಯ ಕೇಳದವನು 10ಕ್ಕೆ 9 ತೆಗೆದುಕೊಂಡು ಹೊರಗೆ ಬರುತ್ತಾನೆ. ಅದಕ್ಕೇ ಕೆಲವು ಹೆಜ್ಜೆಗಳನ್ನು ತಪ್ಪಿದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಫೇಲ್ ಅಂತ ಮೊದಲೇ ಗೊತ್ತು ಮಾಡಬೇಕು. ಜೊತೆಗೆ ಪರೀಕ್ಷಕ ಹಾಳೆ ಬದಿಗಿಟ್ಟು ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು: ಈ ಕೆಲಸವನ್ನು ಇವಳ ಕೈಗೆ ಬಿಟ್ಟು ನಾನು ಪಕ್ಕದ ಕೋಣೆಗೆ ಹೋಗಬಲ್ಲೆನಾ? ನೆದರ್ಲೆಂಡ್ಸ್‌ನ ಒಲ್ಲೆ ಟೆನ್ ಕಾಟೆ 2005ರಲ್ಲಿ ವೈದ್ಯ ಶಿಕ್ಷಣದಲ್ಲಿ ಇಂಥದೇ ವಿಚಾರ ಮುಂದಿಟ್ಟರು, ನಂಬಿ ವಹಿಸಬಹುದಾದ ಕೆಲಸಗಳು ಅಂತ.

ಭದ್ರಾವತಿಯಿಂದ:

ಸರ್, ಎಲ್ಲ ಸರಿ. ಅಳತೆ ಒಂದೇ ಆದರೆ ನಮ್ಮ ಹುಡುಗರೆಲ್ಲ ಹೊರದೇಶಕ್ಕೆ ಹೊರಟುಬಿಡುತ್ತಾರೆ ಅನ್ನುವ ಭಯ ನನಗೆ. ಈಗಲೇ ಹಳ್ಳಿಗೆ ಕರೆದರೆ ಬರುವವರು ಕಡಿಮೆ.

ತೀರ್ಥಹಳ್ಳಿಯವಳು, ಈಗ ಇಂಗ್ಲೆಂಡಿನಲ್ಲಿ:

ಹೋಗುವವರು ಈಗಲೂ ಹೋಗುತ್ತಿದ್ದಾರೆ, ಅಣ್ಣಾ. ಆದರೆ ತಮಗೆ ಬರುವ ಕೆಲಸಕ್ಕೆ ಕಾಗದ ಇಲ್ಲ ಅಂತ ಇಲ್ಲಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ನಾನೇ ಹಾಗೆ ಶುರುಮಾಡಿದವಳು. ಊರಿಗೆ ವಾಪಸ್ ಬಂದರೆ ಇಲ್ಲಿ ಕಲಿತದ್ದಕ್ಕೆ ಅಲ್ಲಿ ಕಾಗದ ಇರುವುದಿಲ್ಲ. ಬಾಗಿಲು ಎರಡೂ ಕಡೆಯಿಂದ ಮುಚ್ಚಿದೆ.

ಸೊರಬದ ಪಶು ಸಖಿ:

ನನ್ನದೂ ಒಂದು ಮಾತು. ನಾನು ಡಿಪ್ಲೊಮಾ ಮಾಡಿದವಳಲ್ಲ, ಪಶು ಸಖಿ. ಮನೆಮನೆಗೆ ಹೋಗಿ ಲಸಿಕೆ ದಿನ ತಿಳಿಸುವುದು, ಜಂತುಹುಳದ ಔಷಧಿ, ಮೇವಿನ ವಿಷಯ ಹೇಳುವುದು, ಕಾಯಿಲೆ ಕಂಡರೆ ಆಸ್ಪತ್ರೆಗೆ ಫೋನ್ ಮಾಡುವುದು. ನೀವು ಹೇಳುವ ಹೊರದೇಶದ ಪಟ್ಟಿಯಲ್ಲಿ ನನ್ನ ಕೆಲಸ ಎಲ್ಲಿದೆ?

ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಕಂಡದ್ದು. ದನಕ್ಕೆ ಅದರಿಂದ ಕಾಯಿಲೆ ಬರುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋದ ದನ ಆ ಕಾಯಿಲೆ ಹರಡುವ ಉಣುಗನ್ನು ಮೈತುಂಬ ಹೊತ್ತು ಬರುತ್ತದೆ. ಉಣುಗು ಕಂಡರೆ ನಮ್ಮ ಹೆಂಗಸರು ಉಗುರಲ್ಲಿ ಕಿತ್ತು ಕಲ್ಲಿನ ಮೇಲೆ ಒರೆಸುತ್ತಾರೆ. ಬರಿಗೈಯಲ್ಲಿ ಮುಟ್ಟಬೇಡಿ, ಜಜ್ಜಬೇಡಿ, ಕಾಡಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ನಾನು ಎಷ್ಟು ಕೊಟ್ಟಿಗೆಯಲ್ಲಿ ಹೇಳಿದ್ದೇನೋ. ಸತ್ತ ಮಂಗ ಕಂಡರೆ ಮುಟ್ಟದೆ ಯಾರಿಗೆ ತಿಳಿಸಬೇಕು ಅನ್ನುವುದೂ ನನ್ನ ಕೆಲಸದಲ್ಲಿ ಸೇರಿದೆ. ಇಂಗ್ಲೆಂಡಿನವರು ಮಾಡಿದ ಪಟ್ಟಿಯಲ್ಲಿ ಇದು ಇರುವುದಿಲ್ಲ. ಮಲೆನಾಡಿನಲ್ಲಿ ಇದಿಲ್ಲದ ಪಟ್ಟಿ ಅರ್ಧ ಪಟ್ಟಿ.

ಇನ್ನೊಂದು, ಪರೀಕ್ಷೆ ಕನ್ನಡದಲ್ಲಿ ಇರಲಿ. "ಕೆಚ್ಚಲು ಬಾವು" ಅಂದರೆ ನಾನು ಹತ್ತು ಲಕ್ಷಣ ಹೇಳುತ್ತೇನೆ. ಮ್ಯಾಸ್ಟೈಟಿಸ್ ಅಂತ ಕೇಳಿದರೆ ಮೊದಲು ಆ ಶಬ್ದಕ್ಕೇ ಹೆದರುತ್ತೇನೆ.

ಸಾಗರದ ನಿವೃತ್ತ ಕಾಂಪೌಂಡರ್:

ತಂಗೀ, ನೀ ಹೇಳಿದ್ದು ಸರಿ. ನನಗೆ ಈ ಒಂದೇ ಅಳತೆ ಅನ್ನುವ ಮಾತೇ ಒಪ್ಪಿಗೆಯಾಗಲಿಲ್ಲ, ಯಾಕೆ ಅಂತ ಹೇಳುತ್ತೇನೆ.

ಮೂವತ್ತು ವರ್ಷ ಮಳೆಯಲ್ಲಿ, ಇಂಬಳದಲ್ಲಿ ತಿರುಗಿದವನು ನಾನು. ನಮ್ಮ ಊರಿನ ಸಣ್ಣ ತಳಿ ಮಲೆನಾಡು ಗಿಡ್ಡವನ್ನು ನಮ್ಮ ಆಸ್ಪತ್ರೆಯ ಟ್ರೇವಿಸ್‌ಗೆ, ಅಂದರೆ ದನ ನಿಲ್ಲಿಸುವ ಕಂಬದ ಚೌಕಟ್ಟಿಗೆ, ಹಾಕಿ ನೋಡಿ. ಎಚ್.ಎಫ್. ಅನ್ನುವ ದೊಡ್ಡ ವಿದೇಶಿ ತಳಿಯ ದನದ ಅಳತೆಗೆ ಮಾಡಿದ ಕಂಬಗಳು, ಗಿಡ್ಡ ಅದರೊಳಗೇ ಹಿಂದುಮುಂದಾಗಿ ತಿರುಗಿ ನಿಲ್ಲುತ್ತದೆ. ಅದಕ್ಕೆ ಹಗ್ಗವೇ ಗತಿ. ಕುತ್ತಿಗೆಗೆ ಜಾರದ ಗಂಟು, ಅಲ್ಲಿಂದ ಬೆನ್ನ ಮೇಲೆ ತಂದು ಮುಂಗಾಲ ಹಿಂದೆ ಒಂದು ಸುತ್ತು, ಕೆಚ್ಚಲ ಮುಂದೆ ಒಂದು ಸುತ್ತು. ಹಿಂದಿನಿಂದ ಒಂದೇ ಹದದಲ್ಲಿ ಎಳೆದರೆ ದನ ಮೊಣಕಾಲೂರಿ ತಾನಾಗಿ ಮಲಗುತ್ತದೆ. ಜಗ್ಗಿದರೆ ಮಲಗುವುದಿಲ್ಲ, ಬೀಳುತ್ತದೆ. ಜಗ್ಗುವುದಕ್ಕೂ ಎಳೆಯುವುದಕ್ಕೂ ಇರುವ ವ್ಯತ್ಯಾಸ ಕೈಗೆ ಗೊತ್ತಾಗಬೇಕು, ಅದನ್ನು ಯಾವ ಹಾಳೆಯಲ್ಲಿ ಬರೆಯುತ್ತೀರಿ? ಗಬ್ಬದ ದನವಾದರೆ ಕೆಡವುವ ಮಾತೇ ಎತ್ತಬಾರದು ಅನ್ನುವುದನ್ನು ನನಗೆ ಹೇಳಿಕೊಟ್ಟದ್ದು ಪುಸ್ತಕ ಅಲ್ಲ, ನನ್ನ ಮೊದಲ ಗುರು.

ದುಡ್ಡಿರುವ ದೇಶದ ಸಲಕರಣೆ ಇಟ್ಟುಕೊಂಡು ಅಳತೆ ಮಾಡಿದರೆ ನಮ್ಮ ಹುಡುಗರು ಮೊದಲ ದಿನವೇ ಸೋಲುತ್ತಾರೆ. ಕೆಲಸ ಬಾರದೆ ಅಲ್ಲ, ಆ ಸಲಕರಣೆ ಕಾಣದೆ.

ತುಂಗೆ ದಡದ ಪರೀಕ್ಷಕ:

ಹಿರಿಯರೇ, ನಿಮ್ಮ ಮಾತಿನಲ್ಲೇ ನನಗೆ ದಾರಿ ಕಾಣುತ್ತಿದೆ. ಸಲಕರಣೆ ಒಂದೇ ಇರಬೇಕಾಗಿಲ್ಲ. ಟ್ರೇವಿಸ್ ಇರಲಿ, ಹಗ್ಗ ಇರಲಿ, ಪರೀಕ್ಷಕ ನೋಡಬೇಕಾದ್ದು ಒಂದೇ: ದನಕ್ಕೆ ಪೆಟ್ಟಾಯಿತಾ, ಹಿಡಿದವರಿಗೆ ಪೆಟ್ಟಾಯಿತಾ, ಕೆಲಸಕ್ಕೆ ಬೇಕಾದಷ್ಟು ಹೊತ್ತು ದನ ನಿಂತಿತಾ, ಕೈಮೀರುತ್ತಿದೆ ಅಂತ ಗೊತ್ತಾದಾಗ ಬಿಟ್ಟರಾ. ಇಷ್ಟನ್ನು ಇಂಗ್ಲೆಂಡಿನ ಪರೀಕ್ಷಕರೂ ನೋಡಬಹುದು, ಸಾಗರದವರೂ ನೋಡಬಹುದು. ಗಬ್ಬ ಇದೆಯಾ ಅಂತ ಕೇಳದೆ ಹಗ್ಗ ತೆಗೆದವನು ಅಲ್ಲೇ ಫೇಲ್.

ಮಂಗನ ಕಾಯಿಲೆಯಂಥದ್ದು ಆಯಾ ಊರಿನ ಭಾಗ. ಪಟ್ಟಿಯಲ್ಲಿ ಒಂದು ಪಾಲು ಎಲ್ಲರಿಗೂ ಸಮಾನ, ಒಂದು ಪಾಲು ಊರಿನದು, ಎರಡಕ್ಕೂ ಅಷ್ಟೇ ತೂಕ.

ಈ ಚರ್ಚೆ ಶುರುವಾದ ಮೇಲೆ ನಾನೊಂದು ಪ್ರಯತ್ನ ಮಾಡಿದೆ. ಒಬ್ಬ ವಿದ್ಯಾರ್ಥಿ ದನದ ಕುತ್ತಿಗೆಯ ನಾಳಕ್ಕೆ ಸೂಜಿ ಹಾಕುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ, ನಾಲ್ವರು ಸಹೋದ್ಯೋಗಿಗಳಿಗೆ ಒಬ್ಬೊಬ್ಬರಾಗಿ ತೋರಿಸಿದೆ. ಅಂಕ 5ರಿಂದ 9ರವರೆಗೆ ಬಂತು. ಆಮೇಲೆ ಐವರೂ ಚಹಾ ಕುಡಿಯುತ್ತಾ ಕೂತು, "ಶುಚಿ" ಅಂದರೆ ಏನು ಅನ್ನುವ ಒಂದೇ ವಿಷಯ ಮಾತಾಡಿದೆವು. ನಡುವಿನಿಂದ ಹೊರಕ್ಕೆ ಒರೆಸಬೇಕು, ಒರೆಸಿದ ಹತ್ತಿ ಮತ್ತೆ ನಡುವಿಗೆ ಬರಬಾರದು, ಸ್ಪಿರಿಟ್ ಆರುವ ತನಕ ಕಾಯಬೇಕು, ಆಮೇಲೆ ಬರಿಬೆರಳು ತಾಗಬಾರದು. ಇಷ್ಟು ಒಪ್ಪಂದಕ್ಕೆ ಬರಲು ಒಂದು ಗಂಟೆ ಹಿಡಿಯಿತು, ಸ್ಪಿರಿಟ್ ಆರುವ ವಿಷಯಕ್ಕೇ ಅರ್ಧ ಗಂಟೆ. ಮರುವಾರ ಬೇರೆ ವಿಡಿಯೊ ತೋರಿಸಿದೆ. ನಾಲ್ವರ ಅಂಕವೂ 6, 7ರಲ್ಲೇ ನಿಂತಿತು. ವಿದ್ಯಾರ್ಥಿಗಳಿಗಿಂತ ಮೊದಲು ಕೂತು ಕಲಿಯಬೇಕಾದವರು ಅಂಕ ಹಾಕುವ ನಾವು. ಒಂದು ಆಸ್ಪತ್ರೆಯ ಐವರಿಗೇ ಇಷ್ಟು ಮಾತು ಬೇಕಾದರೆ, ದೇಶದೇಶಗಳ ಪರೀಕ್ಷಕರು ಒಂದೇ ವಿಡಿಯೊ ನೋಡಿ ಮಾತಾಡದೆ ಪಟ್ಟಿಯನ್ನಷ್ಟೇ ಹಂಚಿಕೊಂಡರೆ ಏನೂ ಆಗುವುದಿಲ್ಲ.

ತೀರ್ಥಹಳ್ಳಿಯವಳು, ಈಗ ಇಂಗ್ಲೆಂಡಿನಲ್ಲಿ:

ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ, ಬೇಸರ ಬೇಡ. ಊರಲ್ಲಿ ದನ ಅಲುಗದಿರಲಿ ಅಂತ ಮೂಗುದಾರ ತಿರುಚಿ ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಇಲ್ಲಿ ಹಾಗೆ ಮಾಡಿದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಊರಿನ ಪಾಲು ಅಂತ ಬಿಡುತ್ತೀರಾ?

ಸಾಗರದ ನಿವೃತ್ತ ಕಾಂಪೌಂಡರ್:

ಬಿಡಬಾರದು, ಮಗಳೇ. ತಿರುಚಿದ್ದು ನಾನೂ ಉಂಟು, ಮೊದಮೊದಲು. ಮೂಗಿನಿಂದ ರಕ್ತ ಬಂದ ದನ ಮುಂದಿನ ಸಲ ಆಸ್ಪತ್ರೆಯ ಗೇಟು ಕಂಡರೇ ಹಿಂದೆ ಸರಿಯುತ್ತದೆ. ಆಮೇಲೆ ನಾನು ಮಾಡುತ್ತಿದ್ದದ್ದು ಇಷ್ಟೇ: ಒಂದು ಕೈಯಲ್ಲಿ ಮೂಗುದಾರ ಸಡಿಲವಾಗಿ, ಇನ್ನೊಂದು ಕೈ ಗಂಗೆದೊಗಲ ಮೇಲೆ, ಮನೆಯವರು ತಲೆಯ ಹತ್ತಿರ ನಿಂತು ಮಾತಾಡುತ್ತಿರಬೇಕು. ದನ ತನ್ನವರ ದನಿ ಕೇಳಿದರೆ ಅರ್ಧ ಕೆಲಸ ಆದಂತೆ. ತಿರುಚುವುದು ಎಲ್ಲ ದೇಶಕ್ಕೂ ತಪ್ಪು ಅಂತಲೇ ಬರೆಯಿರಿ, ನಾನು ಸಹಿ ಹಾಕುತ್ತೇನೆ.

ಪಾಠ ಮಾಡುವವನು:

ಪರೀಕ್ಷಕರೇ, ಶುರುವಿಗೆ ಕಷ್ಟದ ಕೌಶಲ ತೆಗೆದುಕೊಳ್ಳಬೇಡಿ. ಕೆಚ್ಚಲು ಬಾವು ಇದೆಯಾ ಅಂತ ಹಾಲಿನಲ್ಲಿ ನೋಡುವ ಸಿ.ಎಂ.ಟಿ. (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್) ತೆಗೆದುಕೊಳ್ಳಿ. ನಾಲ್ಕು ಬಟ್ಟಲಿನ ಅದೇ ಹಲಗೆ ಇಂಗ್ಲೆಂಡಿನಲ್ಲೂ ಇದೆ, ಹೊಸನಗರದಲ್ಲೂ ಇದೆ. ಮೊದಲ ಹಾಲಿನ ಕೆಲವು ಗೆರೆ ಹಿಂಡಿ ಚೆಲ್ಲಿದರಾ, ಹಾಲೂ ದ್ರಾವಣವೂ ಸಮ ಹಾಕಿದರಾ, ಹಲಗೆಯನ್ನು ಸುತ್ತಲೂ ತಿರುಗಿಸಿದರಾ, ಗಟ್ಟಿಯಾಗುವುದನ್ನು ಕೂಡಲೇ ಓದಿದರಾ, ಯಾವ ಮೊಲೆ ಅಂತ ಸರಿಯಾಗಿ ಬರೆದರಾ. ಪ್ರಾಣಿಗೆ ನೋವಿಲ್ಲ, ಸಖಿಯೂ ಮಾಡಬಹುದು, ಡಿಪ್ಲೊಮಾದವರೂ ಮಾಡಬಹುದು. ತೀರ್ಥಹಳ್ಳಿಯ ಮಗಳು ಆ ವಿಡಿಯೊಗಳನ್ನು ಅಲ್ಲಿನ ಶಿಕ್ಷಕರಿಗೆ ತೋರಿಸಿ ಅಂಕ ಹಾಕಿಸಲಿ, ನಾವು ಇಲ್ಲಿ ಹಾಕೋಣ, ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ.

ತೀರ್ಥಹಳ್ಳಿಯವಳು, ಈಗ ಇಂಗ್ಲೆಂಡಿನಲ್ಲಿ:

ಒಬ್ಬರು ಮೇಡಂ ಹೈನು ದನಗಳ ಕಡೆಯವರೇ ಇದ್ದಾರೆ, ಕೇಳುತ್ತೇನೆ. ಹಾಳೆಯ ಇಂಗ್ಲಿಷ್ ಅನುವಾದ ನಾನು ಮಾಡುತ್ತೇನೆ. ಕನ್ನಡದ್ದೇ ಮೂಲ ಇರಲಿ.

ಹೊಸನಗರದ ಹೈನುಗಾರ್ತಿ:

ನಮ್ಮ ಕೊಟ್ಟಿಗೆಗೆ ಬನ್ನಿ. ಹಾಲು ಕೊಡುವ ಮೂರು ದನ ಇವೆ, ಒಂದರ ಹಿಂದಿನ ಎಡ ಮೊಲೆಯ ಮೇಲೆ ನನಗೇ ಅನುಮಾನ. ಬೆಳಿಗ್ಗೆ ಐದೂವರೆಗೆ ಹಾಲು ಕರೆಯುತ್ತೇನೆ, ಅದಕ್ಕೆ ಮೊದಲು ಬರಬೇಕು. ವಿಡಿಯೊ ಮಾಡಿ, ಆದರೆ ಆ ದೊಡ್ಡ ಲೈಟು ಬೇಡ, ಕೆಂದಿ ಹೆದರಿ ಹಾಲು ಕಟ್ಟುತ್ತದೆ.

ತುಂಗೆ ದಡದ ಪರೀಕ್ಷಕ:

ಬರುತ್ತೇವೆ ಅಮ್ಮ, ಭಾನುವಾರ ಐದು ಗಂಟೆಗೆ. ಇಬ್ಬರು ವಿದ್ಯಾರ್ಥಿಗಳು, ಹಲಗೆ ಎರಡು, ಫೋನಿನ ಬೆಳಕಷ್ಟೇ. ಸೊರಬದ ಸಖಿಯವರೂ ಬರುವುದಾದರೆ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಉಳಿಯಬಹುದು, ನನ್ನ ಹೆಂಡತಿ ಹೇಳಿದ್ದಾಳೆ. ಕೆಂದಿಯ ಹಾಲನ್ನು ಕೊನೆಗೆ ನೋಡೋಣ, ಅಷ್ಟರಲ್ಲಿ ನಮ್ಮ ವಾಸನೆ ಅದಕ್ಕೆ ಅಭ್ಯಾಸವಾಗಿರುತ್ತದೆ.